ತಾಯವ್ವನ ಘಣ ಮತ್ತು ರೇಸಿನ ಮೋಟಾರಿನ ಮೂತಿ

ಅಣ್ಣಿಗೇರಿಯ ಕಮ್ಮಾರ ಮಾನಪ್ಪನ ಹೆಂಡತಿ ತಾಯವ್ವ ಸಿಟ್ಟಿನ ಹೆಂಗಸು ಎಂದು ಊರು ಹೇಳುತ್ತಿತ್ತು. ಊರು ಹೇಳಿದ್ದು ಸುಳ್ಳಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬಂತೆಂದು ಊರು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಅವಳ ಕುಲುಮೆಯ ಹೊಸ್ತಿಲಲ್ಲೇ ಸಿಗುತ್ತಿತ್ತು.

ಕುಲುಮೆಗೆ ತನ್ನದೇ ಕಟ್ಟಳೆಯಿದೆ. ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಈಚೆ, ಮೋಟು ಮಣೆಯ ಮೇಲೆ, ಯಜಮಾನ ಕೂರುತ್ತಾನೆ. ಅವನ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಕೈಸುತ್ತಿಗೆ. ಆಚೆ ನಿಂತು, ಎರಡೂ ಕೈಯಿಂದ ಘಣವೆಂಬ ದೊಡ್ಡ ಸುತ್ತಿಗೆಯನ್ನೆತ್ತಿ ಹೊಡೆಯುವವಳು ಅವನ ಹೆಂಡತಿ. ಕೈಸುತ್ತಿಗೆ ಎಲ್ಲಿ ಟಿಣ್ ಎನ್ನುತ್ತದೋ ಮರುಗಳಿಗೆಯಲ್ಲಿ ಘಣ ಅಲ್ಲೇ ಬೀಳಬೇಕು. ಯಾಕೆಂದು ಕೇಳುವ ಹಾಗಿಲ್ಲ, ಬೇರೆ ಕಡೆ ಹೊಡೆಯುವ ಹಾಗಿಲ್ಲ. ಸಾಕು ಎನ್ನುವುದಕ್ಕೂ ಬಾಯಿ ಬೇಡ. ಬರಿಯ ಅಡಿಗಲ್ಲಿಗೆ ಒಂದು ಪೆಟ್ಟು ಬಿದ್ದರೆ ಘಣ ಕೆಳಗಿಳಿಯುತ್ತದೆ. ಕಾದ ಕಬ್ಬಿಣ ಮಾತಿಗಾಗಿ ಕಾಯುವುದಿಲ್ಲವಾದ್ದರಿಂದ ಹಿರಿಯರು ಹೀಗೆ ಕಟ್ಟಿಟ್ಟರು. ತಾಯವ್ವ ಮದುವೆಯಾಗಿ ಬಂದ ವರ್ಷದಿಂದ ಇದನ್ನು ಮೀರಿದವಳಲ್ಲ. ಈಗ ಗಂಡನ ಮನೆ ಸೇರಿರುವ ಮಗಳು ಹೊಟ್ಟೆಯಲ್ಲಿದ್ದಾಗಲೂ ಘಣ ಎತ್ತಿದಳು. ಅವಳ ಅಂಗೈಯ ಜಡ್ಡು ಗಂಡನ ಜಡ್ಡಿಗಿಂತ ದಪ್ಪವಿತ್ತು. ಆದರೂ ಊರಿನ ನೇಗಿಲುಗಳ ಮೊನೆಗೆಲ್ಲ ಸಿಕ್ಕಿದ್ದು 'ಮಾನಪ್ಪ ಬಡಿದ ಕುಡ'. ಕಬ್ಬಿಣದ ಮೇಲೆ ಬಿದ್ದ ಅವಳ ಪೆಟ್ಟುಗಳನ್ನು ಗಾಳಿ ಹೊಡೆದಿರಬೇಕು!

ಎಂಬತ್ಮೂರನೆಯ ಇಸವಿಯಲ್ಲಿ, ಹಿಂಗಾರಿ ಬಿತ್ತನೆಯ ಹೊತ್ತಿಗೆ, ಮಾನಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಜೋತುಬಿತ್ತು, ನಾಲಿಗೆ ತೊಡರಿತು. ಕುಲುಮೆಯಲ್ಲೇ, ಅಡಿಗಲ್ಲಿನ ಬದಿಯ ಗೋಡೆಗೆ ಹೊರಸು ಹಾಕಿ ಅವನನ್ನು ಮಲಗಿಸಿ, ತಾಯವ್ವ ತಿದಿಯೊತ್ತಿ ಬೆಂಕಿ ಎಬ್ಬಿಸಿದಳು. ಯಜಮಾನನ ಮಣೆಯ ಮೇಲೆ ತಾನೇ ಕುಳಿತಳು. ಮೊದಲು ಬಂದವನು ಅಮೋಘಸಿದ್ದಪ್ಪನೆಂಬ ರೈತ. ಬಾಗಿಲಲ್ಲಿ ನಿಂತು ಅವಳನ್ನು ನೋಡಿದ. ಕೆಳಗಿಟ್ಟ ಕುಡವನ್ನು ಮತ್ತೆ ಹೆಗಲಿಗೇರಿಸಿದ.

"ಯಾಕೋ ಅಮೋಘಸಿದ್ದಪ್ಪ, ನನ್ನ ಕೈಗೇನು ಹುಳಾ ಹತ್ತ್ಯಾವು?"

"ನಿನ್ನ ಕೈಗೇನಿಲ್ಲ ಬಿಡವ್ವ. ಹೆಂಗಸು ಮಣಿ ಏರಿದ್ರ ಬೆಂಕಿ ಆರತೈತಂತ. ಹೊಲಾ ಒಪ್ಪೂದಿಲ್ಲ."

"ಹೊಲಾ ನಿನ್ನ ಕಿವ್ಯಾಗ ಬಂದು ಹೇಳೇತೇನು?"

ಅವನು ಕುಡ ಹೊತ್ತು ಹೊರಟ. ಅವನ ಹಿಂದೆ ಬಂದವರೂ ಹಾಗೆಯೇ ಹೊರಟರು. ಹೊರಸಿನ ಮೇಲಿದ್ದ ಮಾನಪ್ಪ ಎಲ್ಲವನ್ನೂ ಕಂಡ, ಗೋಡೆಯ ಕಡೆ ಹೊರಳಿದ. ನಾಲಿಗೆ ತೊಡರಿದ್ದರೂ 'ಕೂಡು', ಅಂದರೆ ಕುಳಿತುಕೋ, ಎಂಬ ಎರಡಕ್ಷರ ಅವನಿಂದ ಆಗದ ಮಾತಾಗಿರಲಿಲ್ಲ. ಅಮೋಘಸಿದ್ದಪ್ಪನಿಗಿಂತ ಆ ಹೊರಳಿದ ಬೆನ್ನಿನ ಮೇಲೆ ಅವಳಿಗೆ ಹೆಚ್ಚು ಸಿಟ್ಟು ಬಂತು.

ಕೈಸುತ್ತಿಗೆ ಹಿಡಿದವರದೇ ಕುಲುಮೆ ಎಂಬುದು ಅವರ ಮನೆತನದ ನಡೆ. ಮಾನಪ್ಪನ ತಮ್ಮ ಕುಬೇರಪ್ಪ ಗದಗಿನ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷೀನಿನ ಮುಂದೆ ನಿಲ್ಲುವವನು. ಅಣ್ಣ ಬಿದ್ದಾಗ ನೋಡಲು ಬಾರದವನು, ಸಂಕ್ರಾಂತಿಯ ಹೊತ್ತಿಗೆ ಹೇಳಿಕಳಿಸಿದ: ಯುಗಾದಿಗೆ ಬಂದು ಮಣೆ ಏರುತ್ತೇನೆ, ವೈನಿ ಮೊದಲಿನ ಹಾಗೆ ಘಣ ಹೊಡೆದುಕೊಂಡಿರಲಿ. ಅಂದರೆ ಮುದಿತನದವರೆಗೆ ಮೈದುನನ ಕೈಸುತ್ತಿಗೆ ಹೇಳಿದಲ್ಲಿ ಹೊಡೆಯುತ್ತಿರಬೇಕು. ತಾಯವ್ವ ಆ ಮಾತು ತಂದವನಿಗೆ ನೀರು ಕೂಡ ಕೊಡಲಿಲ್ಲ.

ಇಂಥ ಹೊತ್ತಿನಲ್ಲಿ ಈರಬಸಪ್ಪ ತನ್ನ ಹಳೆಯ ಫಿಯಾಟ್ ಕಾರನ್ನು ಕುಲುಮೆಯ ಮುಂದೆ ತಂದು ನಿಲ್ಲಿಸಿದ. ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆತನದವನು. ಹುಬ್ಬಳ್ಳಿಯಲ್ಲಿ ಕಲಿತು ಬಂದವನು. ಗಾಡಿಗೆ ಅಗಲ ಗಾಲಿ ಹಾಕಿಸಿದ್ದ. ಅವು ಮಡ್‌ಗಾರ್ಡಿನ ಹೊರಗೆ ಚಾಚಿಕೊಂಡಿದ್ದವು. ಪರದೇಶದ ಪುಸ್ತಕದಿಂದ ಹರಿದ ಒಂದು ಚಿತ್ರ ತೋರಿಸಿ, ಹಾಗೆಯೇ ಗಾಲಿಗಳ ಮೇಲೆ ಅಗಲ ರೆಪ್ಪೆ ಬೇಕು, ಮುಂದೆ ನೆಲ ಮೂಸುವ ಮೂತಿ ಬೇಕು ಎಂದ. ಹುಬ್ಬಳ್ಳಿಯ ಗ್ಯಾರೇಜಿನವರು ನಕ್ಕು ಕಳಿಸಿದ್ದರು.

"ಮೂತಿ ಯಾತಕ್ಕರಿ, ಸಾವಕಾರ್ರ?"

"ರೇಸಿಗೆ, ತಾಯವ್ವ. ಓಡೂ ಮುಂದ ಗಾಳಿ ತೆಳಗ ಹೊಕ್ಕರ ಗಾಡಿ ಮ್ಯಾಲೆತ್ತತೈತಿ. ಮದ್ರಾಸದ ಆಚಿಕ್ಕ ಹಳೇ ವಿಮಾನದ ಬೈಲು ಐತಿ, ಅಲ್ಲಿ ರೇಸು."

"ಅಲ್ಲಿಂದ ಯಾವೂರಿಗೆ ಹೋಗೂದು?"

"ಯಾವೂರಿಗೂ ಇಲ್ಲ. ಸುತ್ತು ಹೊಡದು ಹೊಳ್ಳಿ ಅಲ್ಲೇ ಬರೂದು."

"ಗಾಣದ ಎತ್ತೂ ಅದನ್ನ ಮಾಡತೈತಲ್ರಿ. ಅದಕ್ಕ ಯಾರೂ ಮೂತಿ ಹಚ್ಚಿಲ್ಲ."

ಈರಬಸಪ್ಪ ನಕ್ಕ. ಕೆಲಸ ಅವಳಿಗೇ ಕೊಟ್ಟ, ಆದರೆ ಒಂದು ಷರತ್ತು ಹಾಕಿದ: ಮುಗಿಯುವ ತನಕ ಗಾಡಿ ಒಳಗಿರಬೇಕು, ಯಾರೂ ನೋಡದಂತೆ ಕುಲುಮೆಯ ಬಾಗಿಲು ಮುಚ್ಚಿರಬೇಕು. ತಾಯವ್ವ ಪ್ರತಿಯಾಗಿ ಒಂದು ಷರತ್ತು ಹಾಕಿದಳು: ಮುಗಿದ ದಿನ ಬಾಗಿಲು ತೆರೆದು, ಇದನ್ನು ಬಡಿದವಳು ಇವಳು ಎಂದು ಅವನೇ ಊರ ಮುಂದೆ ಹೇಳಬೇಕು. ಸಾಹುಕಾರನ ಬಾಯಿಂದ ಬಂದ ಮಾತನ್ನು ಊರು ನಂಬುತ್ತದೆ. ಯುಗಾದಿಗೆ ಮೊದಲು ಊರು ನಂಬಿದರೆ ಮಣೆ ಉಳಿಯುತ್ತದೆ. ಅವಳ ಲೆಕ್ಕ ಇಷ್ಟೇ. ಈರಬಸಪ್ಪ ಎದೆ ಮುಟ್ಟಿಕೊಂಡು ಒಪ್ಪಿದ.

ತೆಳು ತಗಡು ಕುಡವಲ್ಲ. ಮೊದಲನೆಯ ತಗಡನ್ನು ತಾಯವ್ವ ಕಬ್ಬಿಣಕ್ಕೆ ಬಡಿದಂತೆ ಬಡಿದಳು. ಅದು ಎಣ್ಣೆಯಲ್ಲಿ ಬಿಟ್ಟ ಹಪ್ಪಳದಂತೆ ಎಲ್ಲೆಂದರಲ್ಲಿ ಉಬ್ಬಿ ಹಾಳಾಯಿತು. ಅವಳು ಅದನ್ನು ಎತ್ತಿ ಗೋಡೆಗೆ ಎಸೆದಳು; ಆಮೇಲೆ ಅದರ ಎದುರೇ ಕುಳಿತು, ಎಲ್ಲಿ ಕೆಟ್ಟಿತೆಂದು ಬೆರಳಾಡಿಸಿ ನೋಡಿದಳು. ಚಿತ್ರ ನೋಡಿ ತಗಡು ಬಡಿಯಲಾಗದು, ಕೈಗೆ ತಾಕುವ ಆಕಾರ ಬೇಕು. ಆಗ ಅವಳಿಗೆ ಒಲೆ ನೆನಪಾಯಿತು. ಒಲೆ ಹಾಕುವ ಹೆಂಗಸಿಗೆ ಉಬ್ಬು ತಗ್ಗುಗಳನ್ನು ಯಾರೂ ಕಲಿಸಬೇಕಾಗಿಲ್ಲ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಹುತ್ತದ ಮಣ್ಣನ್ನೇ ತರಿಸಿ, ಸೆಗಣಿ, ಹೊಟ್ಟು ಕಲಸಿ, ಗಾಡಿಯ ಮುಂದೆ ಮೆತ್ತಿ ಮೂತಿ ತೀಡಿದಳು. ಮಣ್ಣು ಹೊತ್ತು ತಂದವಳು ಬಾಜು ಮನೆಯ ಹಸನಬಿ.

"ಯಾ ಅಲ್ಲಾ! ತಾಯಕ್ಕಾ, ಮೋಟಾರಿಗೆ ಒಲಿ ಹಾಕೀಯಲ್ಲಬೇ! ಸಾವಕಾರ ಓಡಸ್ತ ಓಡಸ್ತ ರೊಟ್ಟಿ ಸುಟಗೊಂತಾನೇನು?"

"ಬಾಯಿ ಮುಚಗೊಂಡು ಮಣ್ಣು ತುಳಿ."

"ತುಳಿಯಾಕ ಕಾಲು ಬೇಕು, ಬಾಯಿ ಯಾಕ ಮುಚ್ಚಲಿ?"

ಮಣ್ಣಿನ ಮೂತಿ ಒಣಗಿದ ಮೇಲೆ ಕೆಲಸ ಕೈಗೆ ಹತ್ತಿತು. ತಗಡನ್ನು ಕೆಂಪಗೆ ಕಾಸಿ, ಬೂದಿಯಲ್ಲಿ ಹುಗಿದು, ತಾನಾಗಿಯೇ ಆರಲು ಬಿಟ್ಟರೆ ಅದರ ಸೆಡವು ಇಳಿದು ಮೆತ್ತಗಾಗುತ್ತಿತ್ತು. ಹುಣಸೆಯ ಬೊಡ್ಡೆಯಲ್ಲಿ ತೋಡಿದ ತಗ್ಗಿನ ಮೇಲೆ ಅದನ್ನಿಟ್ಟು, ನಡುವಿನಿಂದ ಅಂಚಿನ ಕಡೆಗೆ, ಕೈಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಹಾಕುತ್ತಾ, ಘಳಿಗೆಗೊಮ್ಮೆ ಮಣ್ಣಿನ ಮೇಲೆ ಹೊದಿಸಿ ನೋಡುತ್ತಾ ಹೋದಳು. ಘಣ ಮೂಲೆಯಲ್ಲಿ ನಿಂತೇ ಇತ್ತು. ಗಾಲಿಯ ರೆಪ್ಪೆಗಳು ಮುಗಿದು ಗಾಡಿಗೆ ರಿವೆಟ್ಟಿನಿಂದ ಕೂತವು. ಕೊನೆಗೆ ಮೂತಿ ಮುಗಿಯಿತು. ಅಂಗೈಯಿಂದ ಅದನ್ನು ಸವರಿದಾಗ ಎಲ್ಲಿಯೂ ಉಬ್ಬು ತಡೆಯಲಿಲ್ಲ. ತಾಯವ್ವ ತನ್ನಷ್ಟಕ್ಕೆ ಒಮ್ಮೆ ತಲೆಯಾಡಿಸಿದಳು. ಅವಳ ಮಟ್ಟಿಗೆ ಅದೇ ಹಬ್ಬ.

ಶಿವರಾತ್ರಿ ಕಳೆದ ಸೋಮವಾರ ಬಾಗಿಲು ತೆರೆಯಿತು. ಊರು ನೆರೆದಿತ್ತು. ಅಮೋಘಸಿದ್ದಪ್ಪನೂ ಕತ್ತು ಚಾಚಿ ನಿಂತಿದ್ದ. ಈರಬಸಪ್ಪ ಹುಬ್ಬಳ್ಳಿಯ ಪೇಪರಿನವನೊಬ್ಬನನ್ನು ಕ್ಯಾಮೆರಾದೊಂದಿಗೆ ಕರೆತಂದಿದ್ದ. ಅವರ ಹಿಂದೆ, ಇಸ್ತ್ರಿಯ ಪ್ಯಾಂಟಿನಲ್ಲಿ, ಈರಬಸಪ್ಪನೇ ಗದಗಿನಿಂದ ಕರೆಸಿದ್ದ ಕುಬೇರಪ್ಪ ಒಳಗೆ ಬಂದ.

ತಾಯವ್ವ ಮೈದುನನನ್ನು ನೋಡಿದಳು. ಆಮೇಲೆ ಈರಬಸಪ್ಪನನ್ನು ನೋಡಿದಳು.

"ಒಂದ ಫೋಟೋ ಅಷ್ಟ, ಯವ್ವಾ," ಎಂದ ಈರಬಸಪ್ಪ, ದನಿ ತಗ್ಗಿಸಿ. "ಹೆಂಗಸು ಬಡಿದದ್ದಂತ ಪೇಪರದಾಗ ಬಂದ್ರ ರೇಸಿನ ಮಂದಿ ನನ್ನ ನೋಡಿ ನಗತಾರ. ಮನಿ ಮಗಾ ಅಂವ, ಅಂವಾ ಕುಂತರೇನು, ನೀ ಕುಂತರೇನು?"

"ಮಾತು ಕೊಟ್ಟಿದ್ರಿ."

"ಕೊಟ್ಟೀನಿ, ಇಲ್ಲಂದೆನು? ರೇಸು ಮುಗೀಲಿ."

ಕುಬೇರಪ್ಪ ಆಗಲೇ ಮಣೆಯನ್ನು ಕರವಸ್ತ್ರದಿಂದ ಒರೆಸಿ ಕುಳಿತಿದ್ದ. ತಾಯವ್ವನ ಬೆವರು ಕುಡಿದು ಕಪ್ಪಾಗಿದ್ದ ಕೈಸುತ್ತಿಗೆಯನ್ನು ಎತ್ತಿಕೊಂಡು ಗಿರಾಕಿಯಂತೆ ತಿರುಗಿಸಿ ನೋಡಿದ. ಪೇಪರಿನವನು ಇನ್ನೂ ಗಾಡಿಗೆ ಕೂರಿಸದ ಮೂತಿಯನ್ನು ಅಡಿಗಲ್ಲಿನ ಮೇಲೆ ಇಡಿಸಿದ. "ಆಕಿ ಹಿಂದ ಘಣಾ ಎತ್ತಿ ನಿಲ್ಲಲಿ," ಎಂದ. "ಚಲೋ ಕಾಣತೈತಿ."

ಹಸನಬಿಯ ಮುಖದಿಂದ ನಗೆ ಹೋಯಿತು. ತಾಯವ್ವ ಸೆರಗು ಸಿಕ್ಕಿಸಿದಳು. ಮೂಲೆಯಿಂದ ಘಣ ತಂದು, ಎಷ್ಟೋ ವರ್ಷ ನಿಂತ ಜಾಗದಲ್ಲೇ ಕಾಲು ಊರಿ, ಹೆಗಲ ಮೇಲಕ್ಕೆ ಎತ್ತಿದಳು.

"ಬಡಿಯೋ ಕುಬೇರಪ್ಪ," ಎಂದಳು. "ನೀ ಬಡಿದಲ್ಲೆ ನಾ ಹೊಡಿತೀನಿ."

"ಹೂಂ ವೈನಿ, ಹೊಡಿ, ಹೊಡಿ!" ಕುಬೇರಪ್ಪ ಕ್ಯಾಮೆರಾದ ಕಡೆ ಹಲ್ಲು ತೋರಿಸಿ, ಮೂತಿಯ ನಟ್ಟನಡುವೆ ಕೈಸುತ್ತಿಗೆ ತಾಕಿಸಿದ. ಟಿಣ್.

ಘಣ ಬಿತ್ತು.

ಅರ್ಧ ಮೂತಿ ಚಪ್ಪಟೆಯಾಗಿ ಅಡಿಗಲ್ಲಿಗೆ ಅಂಟಿಕೊಂಡಿತು. ಕುಬೇರಪ್ಪ "ಸಾಕಬೇ! ಸಾಕು!" ಎಂದು ಹೌಹಾರಿ ಎದ್ದ, ಅವನ ಕೈಯಿಂದ ಸುತ್ತಿಗೆ ಜಾರಿ ಮತ್ತೆ ತಗಡಿನ ಮೇಲೆಯೇ ಬಿತ್ತು. ಟಿಣ್. ಘಣ ಎರಡನೆಯ ಸಲ ಬಿತ್ತು. ಅದು ಮೂರನೆಯ ಸಲ ಮೇಲೇರಿ ನಿಂತಾಗ ಅಡಿಗಲ್ಲಿನ ಬದಿಯಿಂದ ಬೇರೊಂದು ಸದ್ದು ಕೇಳಿತು. ಮಾನಪ್ಪ ಹೊರಸಿನಿಂದ ಬಾಗಿ, ಎಡಗೈಗೆ ಸಿಕ್ಕ ಇಕ್ಕಳದಿಂದ ಬರಿಯ ಅಡಿಗಲ್ಲಿಗೆ ಬಡಿದಿದ್ದ. ತಾಯವ್ವ ಘಣ ಇಳಿಸಿದಳು.

"ಹುಚ್ಚ ಹಿಡದೈತೇನಬೇ ನಿನಗ!" ಈರಬಸಪ್ಪ ಚೀರಿದ. "ನಾಳೆ ಗಾಡಿ ಲಾರಿ ಏರಬೇಕು!"

"ಕೈಸುತ್ತಿಗಿ ಬಡಿದಲ್ಲೆ ಘಣಾ ಬಿತ್ತು. ಬಾಯಿಲೆ ಸಾಕಂದ್ರ ಕುಲುಮ್ಯಾಗ ನಡಿಯಂಗಿಲ್ಲ. ಮಣಿ ಮ್ಯಾಲೆ ಕುಂತಾಂವಗ ಅಷ್ಟೂ ಗೊತ್ತಿರಬೇಕು." ಅವಳು ಘಣದ ಮೇಲೆ ಎರಡೂ ಕೈ ಊರಿದಳು. "ಫೋಟೋದಾಗ ಬಡಿದಾಂವ ಅಂವ. ನೆಟ್ಟಗ ಮಾಡಂತ ಅವಗ ಹೇಳ್ರಿ."

"ಮಾಡಲೇ!" ಎಂದು ಈರಬಸಪ್ಪ ಕುಬೇರಪ್ಪನ ಮೇಲೆ ಹಾರಿಬಿದ್ದ.

ಕುಬೇರಪ್ಪ ಕುಳಿತ. ಒಳಗಿನಿಂದ ಬಡಿದ, ಹೊರಗಿನಿಂದ ಬಡಿದ. ತಗ್ಗು ಒಂದು ಕಡೆ ಮೇಲೆದ್ದರೆ ಇನ್ನೊಂದು ಕಡೆ ಇಳಿಯಿತು. ಕೊನೆಗೆ ಅಂಚಿನಲ್ಲಿ ತಗಡು ಪರ್ ಎಂದು ಸೀಳಿತು, ಅವನು ಮಣೆ ಬಿಟ್ಟು ಎದ್ದ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಪೇಪರಿನವನು ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಸೇರಿಸಿದ.

ಈರಬಸಪ್ಪ ತಾಯವ್ವನ ಕಡೆ ತಿರುಗಿದ. ಅವಳು ಅವನಿಗೆ ಸಹಾಯ ಮಾಡಲಿಲ್ಲ, ಕಾದಳು.

"ಬಡಿದಾಕಿ... ತಾಯವ್ವ," ಎಂದ ಅವನು.

"ಸಾವಕಾರ್ರ, ಹಿಂದ ಕೇಳವಲ್ದು!" ಹಸನಬಿ ಗುಂಪಿನೊಳಗಿನಿಂದ ಕೂಗಿದಳು. "ಇಷ್ಟ ದೊಡ್ಡ ಮೋಟಾರಿನವರು, ಹಾರ್ನ್ ಇಲ್ಲೇನ್ರಿ?"

ನಗೆಯ ನಡುವೆ ಈರಬಸಪ್ಪ ಕೆಂಪಾಗಿ, ಗಟ್ಟಿ ದನಿಯಲ್ಲಿ ಹೇಳಿದ: ರೆಪ್ಪೆ, ಮೂತಿ, ಎಲ್ಲ ಬಡಿದಾಕಿ ತಾಯವ್ವ, ಮತ್ತ್ಯಾರೂ ಅಲ್ಲ. ಆಗ ಮಾನಪ್ಪ ಎಡಗಾಲಿನಿಂದ ಖಾಲಿ ಮಣೆಯನ್ನು ಹೆಂಡತಿಯ ಕಡೆ ನೂಕಿ, ತುಟಿ ಸೊಟ್ಟ ಮಾಡಿ ಹೊರಗೆ ಹಾಕಿದ: "ಕೂ... ಡು."

"ತಡಾ ಮಾಡಿದ್ರಿ," ಎಂದಳು ತಾಯವ್ವ. ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ. ಕುಳಿತಳು. "ಕುಬೇರಪ್ಪ, ತಿದಿ ಒತ್ತು. ತಗಡು ಕಾಸಬೇಕು."

ಕುಬೇರಪ್ಪ ಸುತ್ತ ನೋಡಿದ. ಇಸ್ತ್ರಿಯ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎಳೆದುಕೊಂಡು ಅವನು ತಿದಿಯ ಮುಂದೆ ಕುಳಿತ. ಸಂಜೆಯ ಗಾಡಿಗೆ ಗದಗಿಗೆ ಹೋದವನು ಯುಗಾದಿಗೂ ಬರಲಿಲ್ಲ. ಸೀಳಿದ ಅಂಚಿಗೆ ಒಳಗಿನಿಂದ ಪಟ್ಟಿ ಕೂರಿಸಿ, ಬಾಗಿಲು ಹಾರು ತೆರೆದಿಟ್ಟೇ, ತಾಯವ್ವ ಮೂತಿಯನ್ನು ಮತ್ತೆ ಎಬ್ಬಿಸಿದಳು. ಗಾಡಿ ಲಾರಿ ಏರಿತು.

ಮದ್ರಾಸಿನಲ್ಲಿ ಎಂಜಿನ್ನು ಕಾದು ಅದು ನಡುವೆಯೇ ನಿಂತಿತಂತೆ. ಮೂತಿ ಮಾತ್ರ ಅಲುಗಲಿಲ್ಲವಂತೆ. ಹಸನಬಿ ಈ ಸುದ್ದಿ ತಂದಾಗ ತಾಯವ್ವ ಇಷ್ಟೇ ಹೇಳಿದಳು: "ಗಾಣದ ಎತ್ತಾದ್ರ ನಿಲ್ಲೂದಿಲ್ಲ."

ಮುಂಗಾರಿಗೆ ಮೊದಲು ಅಮೋಘಸಿದ್ದಪ್ಪ ಸವೆದ ಕುಡ ಹೊತ್ತು ಬಂದು ಬಾಗಿಲಲ್ಲಿ ನಿಂತ. ತಾಯವ್ವ ಮಣೆಯ ಮೇಲಿಂದ ತಲೆಯೆತ್ತಲಿಲ್ಲ.

"ಹೊಲಾ ಒಪ್ಪಿತೇನು?"

"ಒಪ್ಪೇತಿ ಬಿಡವ್ವ."

"ನಾ ಒಪ್ಪಿಲ್ಲಿನ್ನೂ." ಅವಳು ಕುಡವನ್ನು ಬೆಂಕಿಗೆ ತೂರಿಸಿದಳು. "ಘಣಾ ಹೊಡಿಯಾಕ ನನಗ ಯಾರೂ ಇಲ್ಲ. ಮೂಲ್ಯಾಗ ಐತಿ, ಎತಗೊ."

"ನಾ?"

"ಕುಡಾ ನಿಂದು, ಹೊಲಾ ನಿಂದು. ಬಾಯಿ ಮುಚ್ಚಿ, ಕಿವಿ ತಗದು ನಿಲ್ಲು. ನಾ ಬಡಿದಲ್ಲೆ ಬಡಿ."

ಕಾದ ಕುಡ ಅಡಿಗಲ್ಲಿಗೆ ಬಂತು. ಕೈಸುತ್ತಿಗೆ ಟಿಣ್ ಎಂದಿತು. ಅಮೋಘಸಿದ್ದಪ್ಪ ಉಸಿರು ಬಿಗಿಹಿಡಿದು ಘಣ ಇಳಿಸಿದ.

"ಸೊಟ್ಟ ಬಿತ್ತು," ಎಂದಳು ತಾಯವ್ವ. "ಮತ್ತ ಎತ್ತು."