ಗೋಡೆಯಣ್ಣನ ಎಡಗೈ

ನನ್ನ ಕೆಲಸ ಜನ ಕ್ರೀಡೆಯಾಗಿ ಗೋಡೆ ಹತ್ತುವ ಒಂದು ಒಳಾಂಗಣದಲ್ಲಿ. ನನಗೋ ಸ್ಟೂಲ್ ಹತ್ತಿದರೂ ತಲೆ ಸುತ್ತುತ್ತದೆ. ಹಾಗಾಗಿ ಕೆಳಗೆ ಕಂಪ್ಯೂಟರ್ ಮುಂದೆ ಕೂರಿಸಿದ್ದಾರೆ. ಗೋಡೆಯ ಹಿಡಿಕೆಗಳ ಹಿಂದೆ ಸೆನ್ಸರ್‌ಗಳಿವೆ. ಹತ್ತುವವರ ಯಾವ ಕೈ, ಯಾವ ಕಾಲು ಎಷ್ಟು ಬಲ ಹಾಕಿತೆಂಬುದು ನನ್ನ ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಬೆವರು ಅವರದು, ಅಳತೆ ನನ್ನದು.

ಹಿಡಿಕೆಗಳಿಗೆ ಬೋಲ್ಟ್ ಬಿಗಿದು ಹತ್ತುವ ದಾರಿ ಮಾಡುವವನು ಗೋಡೆಯಣ್ಣ. ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆಯದ ಮನುಷ್ಯ ಎಂದು ಅವನ ಹೆಂಡತಿ, ನಮ್ಮ ಅತ್ತಿಗೆ, ಆಡಿಕೊಳ್ಳುತ್ತಾರೆ. ದಾರಿ ಮಾಡಿದವನೇ ಅದನ್ನು ಮೊದಲು ಹತ್ತಬೇಕು ಎಂಬುದು ನಮ್ಮಲ್ಲಿನ ಕಟ್ಟಳೆ. ಹತ್ತಲಾಗದವನು ದಾರಿ ಮಾಡುವಂತಿಲ್ಲ.

ಈಚೆಗೆ ಅವನು ಹತ್ತಿದಾಗಲೆಲ್ಲ ಎಡಗೈಯ ಗೆರೆ ತಗ್ಗತೊಡಗಿತು. ಮಹಾ ಬುದ್ಧಿವಂತನಾದ ನಾನು ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿ ವೈರ್‌ಗಳನ್ನೆಲ್ಲ ಬದಲಿಸಿದೆ.

"ನಿನ್ನ ಯಂತ್ರಕ್ಕೆ ವಯಸ್ಸಾಯ್ತು ಕಣೋ," ಎಂದ ಗೋಡೆಯಣ್ಣ.

"ನಿನಗಲ್ವಾ?"

"ನನ್ನ ಕೂದಲಿಗೆ ಮಾತ್ರ."

ಕೊನೆಗೆ ಅವನು ಎಡಗೈ ಹಾಕುವ ಒಂದು ಹಿಡಿಕೆಗೆ ಮರಳಿನ ಚೀಲ ತೂಗುಹಾಕಿದೆ. ಪರದೆಯಲ್ಲಿ ತೂಕ ಸರಿಯಾಗಿಯೇ ಬಂತು; ಸೆನ್ಸರ್ ಕೆಟ್ಟಿರಲಿಲ್ಲ. ಆಮೇಲೆ ಅವನು ಈಚೆಗೆ ಮಾಡಿದ ದಾರಿಗಳನ್ನು ತಲೆಯೆತ್ತಿ ನೋಡಿದೆ. ಎಡಗೈಗೆ ಬರುವ ಹಿಡಿಕೆಗಳೆಲ್ಲ ದಪ್ಪ, ಒಂದಕ್ಕೊಂದು ಹತ್ತಿರ. ನನಗಿಂತ ಎಷ್ಟೋ ಮೊದಲೇ ಅವನಿಗೆ ಗೊತ್ತಿತ್ತು.

"ಅಣ್ಣಾ, ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸ್ದೆ. ನರ ಸಾಯ್ತಾ ಇದೆಯಂತೆ. ಹೋದ ಬಲ ಮತ್ತೆ ಬರಲ್ವಂತೆ." ಸ್ಪ್ಯಾನರನ್ನು ಬಲಗೈಗೆ ಬದಲಿಸಿಕೊಂಡ. "ಸೆನ್ಸರ್ ಕೆಟ್ಟಿದೆ ಅಂತಲೇ ಹೇಳ್ತಿರು. ಇನ್ನೊಂದು ದಾರಿ ಮಾಡ್ಬಿಡ್ತೀನಿ."

ಮ್ಯಾನೇಜರ್ ಕೇಳಿದಾಗ ಹಾಗೇ ಹೇಳಿದೆ.

ಆ ದಾರಿ ಮುಗಿದ ದಿನ, ಅಂಗೈಗೆ ಬಿಳಿ ಪುಡಿ ಹಚ್ಚಿಕೊಂಡು ಅವನು ಮೊದಲ ಹಿಡಿಕೆಗೆ ಎಡಗೈ ಹಾಕಿದ. ಕಾಲು ನೆಲ ಬಿಟ್ಟು ಏಳಲಿಲ್ಲ.

"ಗೆರೆ ಬರ್ತಿದೆಯಾ?"

ಪರದೆಯಲ್ಲಿ ಗೆರೆ ಅಡ್ಡಡ್ಡ ಮಲಗಿತ್ತು. "ಬರ್ತಿದೆ ಅಣ್ಣಾ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಸೊಂಟದ ಪಟ್ಟಿ ಬಿಚ್ಚಿ ನನ್ನ ಕೈಗಿತ್ತ. "ನೀನು ಹತ್ತು."

"ದಾರಿ ಮಾಡಿದವನು ನೀನಲ್ವಾ?"

"ಇಬ್ಬರೂ ಸೇರಿ ಮಾಡಿದ್ದು ಅಂತ ಇಟ್ಕೋ. ಬೋಲ್ಟ್ ನಂದು, ಸುಳ್ಳು ನಿಂದು."

ಹಗ್ಗವನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ನನ್ನನ್ನು ಸಿಕ್ಕಿಸಿದ. ಆಳೆತ್ತರ ಏರುವಷ್ಟರಲ್ಲಿ ಕಣ್ಣು ಮುಚ್ಚಿ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡೆ.

"ಎಡಗೈ ಮೇಲಕ್ಕೆ ಹಾಕು," ಕೆಳಗಿನಿಂದ ಅವನ ದನಿ ಬಂತು. "ದಪ್ಪದ್ದು ಇಟ್ಟಿದ್ದೀನಿ. ಜಾರಲ್ಲ."

ಹಾಕಿದೆ. ಅಂಗೈ ತುಂಬ ಸಿಕ್ಕಿತು. ಅದನ್ನು ಅವನು ಯಾರ ಕೈಗೆಂದು ಇಟ್ಟಿದ್ದನೆಂಬುದು ನನಗೆ ಗೊತ್ತಿತ್ತು. ಕೆಳಗೆ ನೋಡದೆ ಮುಂದಿನದಕ್ಕೆ ಕೈ ಚಾಚಿದೆ.