ತಿಪ್ಪಕ್ಕನ ಆಣೆ ಮತ್ತು ಒಂದು ತಗಡಿನ ಮರೆ

ತಿಪ್ಪಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಬಾಯಿ ಬಿಡದಿದ್ದರೆ ಮೆಂಬರ್ ಗಿರೀಶ ಊರ ತುಂಬ ಹೇಳಿಕೊಂಡು ತಿರುಗುತ್ತಿರುವುದೇ ನಿಜವಾಗಿ ಉಳಿದುಬಿಡುತ್ತದೆ. ಒಂದು ಸಲ ಬಾಯಿ ಮುಚ್ಚಿಕೊಂಡಿದ್ದಕ್ಕೆ ಆದದ್ದು ಸಾಕು.

ನನ್ನ ಹೆಸರು ಅಂಜನಪ್ಪ. ಹಿರಿಯೂರು ತಾಲ್ಲೂಕಿನಲ್ಲಿ, ಯಲ್ಲದಕೆರೆ ಕಡೆಯ ಹತ್ತಾರು ಹಳ್ಳಿಗಳ ಬೀದಿದೀಪ ನೋಡಿಕೊಳ್ಳುವವನು. ಕಂಬ ಹತ್ತುವುದು, ಸುಟ್ಟ ಬಲ್ಬು ಬಿಚ್ಚುವುದು, ಹೊಸದು ಕಟ್ಟುವುದು, ಎರಡು ದಿನ ತಡವಾದರೆ ಎಲ್ಲರ ಕೈಲೂ ಬೈಸಿಕೊಳ್ಳುವುದು, ಇಷ್ಟೇ ನನ್ನ ಉದ್ಯೋಗ. ಕಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಪಂಚಾಯಿತಿ ಮೆಂಬರುಗಳು ಕೂತು ಇವನೇ ಮುಂದುವರಿಯಲಿ ಅನ್ನಬೇಕು. ಆ ಮಾತಿಗಾಗಿ ನಾನು ವರ್ಷವಿಡೀ ಹಲ್ಲು ಕಿರಿಯುತ್ತೇನೆ.

ತಿಪ್ಪಕ್ಕ ಇರುವುದು ರಸ್ತೆ ಪಕ್ಕದ ಒಂದು ಹಟ್ಟಿಯಲ್ಲಿ. ಹಟ್ಟಿಯ ಹೆಸರು ಬೇಡ, ಅಲ್ಲಿಯವರಿಗೆ ಆದ ಅವಮಾನ ಸಾಕಷ್ಟಿದೆ. ಮೂವತ್ತು ಮನೆ, ಎಲ್ಲರಿಗೂ ಕುರಿಯೇ ಜೀವನ. ತಿಪ್ಪಕ್ಕನಿಗೆ ಈಗ ಐವತ್ತೈದರ ಆಸುಪಾಸು. ಹದಿನೆಂಟಕ್ಕೆ ಹೊಸದುರ್ಗದ ಕಡೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಅವಳ ತಾಯಿ ತೀರಿಕೊಂಡಳು. ಮನೆಯಲ್ಲಿ ಮೂರು ವರ್ಷದ ತಮ್ಮ ಗಿರೀಶ. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಬಂದವಳು ಉಳಿದೇ ಹೋದಳು. ಗಂಡ ಎರಡು ಸಲ ಕರೆಯಲು ಬಂದ. ಮೂರನೆಯ ಸಲ ಅವನು ಬೇರೆ ಮದುವೆಯಾದ ಸುದ್ದಿ ಬಂತು. "ಹೋಗ್ಲಿ ಬಿಡು, ಅವನಿಗೆ ಅಡುಗೆ ಮಾಡೋರು ಸಿಕ್ಕಿದ್ರಲ್ಲ" ಅಂದಳಂತೆ. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕುರಿ ಹಿಂದೆ ತಿರುಗಿದಳು, ಓದಿಸಿದಳು, ಮದುವೆ ಮಾಡಿದಳು. ಅವನು ಚುನಾವಣೆಗೆ ನಿಂತಾಗ ಮನೆ ಮನೆಗೆ ಹೋಗಿ, "ನನ್ನ ಮುಖ ನೋಡಿ ಹಾಕ್ರಿ" ಎಂದು ಕೇಳಿದವಳೂ ಅವಳೇ. ಜನ ಅವಳ ಮುಖ ನೋಡಿಯೇ ಹಾಕಿದ್ದು. ಗಿರೀಶನ ಮುಖಕ್ಕೆ ಅಷ್ಟು ಓಟು ಬೀಳುತ್ತಿರಲಿಲ್ಲ.

ಜನಕ್ಕೆ ಅವಳ ಮೇಲೆ ಯಾಕೆ ಅಷ್ಟು ನಂಬಿಕೆ ಅನ್ನುವುದಕ್ಕೆ ಸಂಜೆ ಹೊತ್ತು ಆ ಹಟ್ಟಿಗೆ ಹೋಗಿ ನೋಡಬೇಕಾಗಿತ್ತು. ಹಗಲೆಲ್ಲ ಮರಿಗಳನ್ನು ಮುಳ್ಳುಬೇಲಿಯ ರೊಪ್ಪದಲ್ಲೇ ಕೂಡಿ, ತಾಯಿ ಕುರಿಗಳನ್ನು ಮೇಯಲು ಬಿಡುತ್ತಾರೆ. ಮುಸ್ಸಂಜೆಗೆ ಕುರಿ ತಿರುಗಿ ಬಂದಾಗ ಮರಿಗಳನ್ನು ಬಿಡಬೇಕು. ಇನ್ನೂರು ಕುರಿ, ಎಂಬತ್ತು ಮರಿ, ಎಲ್ಲವೂ ಒಟ್ಟಿಗೆ ಅರಚುತ್ತಿರುತ್ತವೆ. ಗಟ್ಟಿ ಮರಿಗಳು ತಾವೇ ತಾಯಿಯನ್ನು ಹುಡುಕಿಕೊಳ್ಳುತ್ತವೆ. ಎಳೆಯವು ಸಿಕ್ಕ ಕುರಿಯ ಹೊಟ್ಟೆಗೆ ಹೋಗಿ ಒದೆ ತಿನ್ನುತ್ತವೆ. ಆಗ ತಿಪ್ಪಕ್ಕ ಒಂದೊಂದೇ ಮರಿ ಎತ್ತಿ, "ಇದು ಬಿಳಿಕಿವಿದು, ಇದು ಸಿದ್ದಕ್ಕನ ಕುಂಟಿದು" ಎಂದು ಸರಿಯಾದ ತಾಯಿಗೆ ಹಿಡಿಯುತ್ತಿದ್ದಳು. ಯಾವ ಮನೆಯ ಮರಿಯಾದರೂ ಸರಿ, ಅವಳು ಗುರುತು ತಪ್ಪಿದ್ದೇ ಇಲ್ಲ. ತಾಯಿ ಒಲ್ಲೆ ಅಂದರೆ ಅದರ ಹಾಲನ್ನೇ ಮರಿಯ ಬೆನ್ನಿಗೆ ಸವರಿ, ಕಿವಿ ಹಿಂಡಿ, "ಏನೇ ನಿನ್ನ ಮಗನ್ನೇ ಗುರ್ತು ಸಿಗಲ್ವೇನೇ ಮಹಾರಾಣಿ" ಎಂದು ಬೈದು ಕುಡಿಸುತ್ತಿದ್ದಳು. ಅವಳು ಇಡೀ ದಿನದಲ್ಲಿ ನಗುತ್ತಿದ್ದುದು ಆ ಒಂದು ಗಂಟೆ ಮಾತ್ರ ಎಂದು ನನಗೆ ಅನ್ನಿಸುತ್ತಿತ್ತು.

ಗಿರೀಶ ಗೆದ್ದ ಮೇಲೆ ಹಟ್ಟಿಗೆ ಫೋಕಸ್ ಲೈಟು ತಂದ. ಇನ್ನೂರು ವ್ಯಾಟಿನ ಎಲ್‌ಇಡಿ. ರೊಪ್ಪದ ಹಿಂದಿನ ಕಂಬಕ್ಕೆ ಕಟ್ಟಿದವನು ನಾನೇ. ಎದುರಿಗೆ, ರಸ್ತೆ ಅಂಚಿನಲ್ಲಿ, ಒಂದು ಬೋರ್ಡು ನೆಡಿಸಿದ. 'ಸದಸ್ಯರಾದ ಶ್ರೀ ಗಿರೀಶ್ ರವರ ವಿಶೇಷ ಪ್ರಯತ್ನದಿಂದ' ಎಂದು ಬರೆಸಿ, ಪಕ್ಕದಲ್ಲಿ ಕೈಮುಗಿದ ಫೋಟೊ. ಆ ಬೋರ್ಡಿಗೂ ಬೆಳಕು ಬೀಳಲಿ ಎಂದು ಲೈಟನ್ನು ನೆಲಕ್ಕೆ ತಿರುಗಿಸದೆ ನೆಟ್ಟಗೆ ಎದುರಿಗೆ ಕಟ್ಟಿಸಿದ. ಹೀಗೆ ಕಟ್ಟಿದರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ ಎಂದು ನಾನು ಹೇಳಿದೆ. ಹೇಳಿದ ಶಾಸ್ತ್ರ ಮಾಡಿದೆ ಅನ್ನಿ.

ಆವತ್ತೇ ಸಂಜೆಯಿಂದ ಕುರಿಗಳು ರೊಪ್ಪಕ್ಕೆ ಬರಲು ಒಲ್ಲೆವೆಂದು ಹಟ ಹಿಡಿದವು. ರಸ್ತೆ ಕಡೆಯಿಂದ ಬರುವ ಕುರಿಗೆ ಲೈಟು ನೆಟ್ಟಗೆ ಕಣ್ಣಿಗೆ. ಬೇಲಿಯ ನೆರಳು ಬಾಗಿಲಿಗೆ ಅಡ್ಡಲಾಗಿ ಕಪ್ಪಗೆ ಬಿದ್ದಿರುತ್ತಿತ್ತು. ಕುರಿ ಅದನ್ನು ಗುಂಡಿಯೆಂದೇ ತಿಳಿದು ನಿಂತುಬಿಡುತ್ತಿತ್ತು. ಮುಂದಿನದು ನಿಂತರೆ ಹಿಂದಿನವು ಮೇಲೆ ಬೀಳುತ್ತಿದ್ದವು. ತಿಪ್ಪಕ್ಕ ಲೈಟಿಗೆ ಮುಖ ಮಾಡಿದರೆ ಕಣ್ಣು ಕತ್ತಲೆ, ಬೆನ್ನು ಮಾಡಿದರೆ ಅವಳದೇ ನೆರಳು ಮರಿಯ ಮೇಲೆ. ನಾಲ್ಕನೇ ದಿನ ಮೊದಲ ಸಲ ಅವಳು ಒಂದು ಮರಿಯನ್ನು ತಪ್ಪು ಕುರಿಗೆ ಹಿಡಿದಳು. ಮರುದಿನ ಬೆಳಿಗ್ಗೆ ನನ್ನ ಮನೆ ಮುಂದೆ ನಿಂತಿದ್ದಳು.

"ಅಂಜನಪ್ಪ, ಆ ಲೈಟು ಕಿತ್ತಾಕು ಅನ್ನಲ್ಲ. ನನ್ನ ತಮ್ಮ ಆಸೆಪಟ್ಟು ತಂದಾನೆ. ಆದ್ರೆ ಅದು ನೆಲ ನೋಡ್ಬೇಕಪ್ಪ, ನಮ್ಮ ಮುಖ ನೋಡಿ ಏನು ಮಾಡ್ತದೆ?"

ಇಷ್ಟು ವರ್ಷ ಕಂಬ ಹತ್ತಿದ ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. "ಮೇಲೊಂದು ಮರೆ ಹಾಕಿ, ಲೈಟು ಸ್ವಲ್ಪ ಬಗ್ಗಿಸಿದ್ರೆ ಆಯ್ತಕ್ಕ, ನಿನ್ನ ತಮ್ಮನ್ನ ಒಂದು ಮಾತು ಕೇಳು" ಅಂದೆ. ಗಿರೀಶ ಅಕ್ಕನ ಎದುರು, "ಅದಕ್ಕೇನಕ್ಕ, ಹಾಕಿಸಾಣ" ಅಂದ. ಅವಳು ಹಿಟ್ಟು ತುಂಬಿಡುತ್ತಿದ್ದ, ಸೂರ್ಯಕಾಂತಿ ಹೂವಿನ ಚಿತ್ರದ ಎಣ್ಣೆ ಡಬ್ಬವನ್ನು ಖಾಲಿ ಮಾಡಿ ತಂದುಕೊಟ್ಟಳು. ಅದನ್ನು ನಾನೇ ಕತ್ತರಿಸಿ, ಮನೆಯ ಸೂರಿನ ಹಾಗೆ ಮುಂದಕ್ಕೆ ಚಾಚುವಂತೆ ಬಗ್ಗಿಸಿ, ಒಳಗೆ ಕಪ್ಪು ಬಣ್ಣ ಬಳಿದು, ಬೋಲ್ಟು ಹಾಕಿ ಲೈಟಿಗೆ ಕಟ್ಟಿ, ಲೈಟನ್ನೂ ಸ್ವಲ್ಪ ಬಗ್ಗಿಸಿದೆ. ಬೆಳಕು ಕಮ್ಮಿಯಾಗಲಿಲ್ಲ. ಬಲ್ಬು ಕಣ್ಣಿಗೆ ಕಾಣುವುದು ನಿಂತು ನೆಲ ಕಾಣತೊಡಗಿತು, ಅಷ್ಟೆ. ಅಂದು ಸಂಜೆ ಕುರಿಗಳು ಒಂದರ ಹಿಂದೆ ಒಂದು ಸರಾಗವಾಗಿ ಒಳಗೆ ಹೋದವು. ತಿಪ್ಪಕ್ಕ ನನಗೆ ಒಂದು ಗಡಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಅದು ಎಂಟು ದಿನ ಇತ್ತು. ಒಂಬತ್ತನೆಯ ದಿನ ಗಿರೀಶ ಫೋನು ಮಾಡಿದ. "ಅಂಜನಪ್ಪಣ್ಣ, ನಿನ್ನೆ ಬಸ್ಸಲ್ಲಿ ಬಂದೆ. ನಮ್ಮ ಬೋರ್ಡು ಕತ್ತಲಲ್ಲಿ ಐತಲ್ಲ. ಹೆಸರು ಕಾಣದ ಮೇಲೆ ಆ ಲೈಟು ಯಾಕೆ ಹಾಕಿಸ್ಬೇಕಾಗಿತ್ತು ನಾನು? ಮರೆ ಬಿಚ್ಚಿಬಿಡು. ಅಕ್ಕಂಗೆ ನಾನು ಹೇಳ್ಕಂತೀನಿ." "ಮುಂದಿನ ತಿಂಗಳು ನಿನ್ನ ಗುತ್ತಿಗೆ ವಿಷಯ ಮೀಟಿಂಗಿಗೆ ಬರ್ತೈತೆ" ಎಂದು ಸೇರಿಸಿದ.

ನಾನು ಹೋದೆ. ಮಧ್ಯಾಹ್ನ, ಗಂಡಸರು ಕುರಿ ಹಿಂದೆ, ಹೆಂಗಸರು ಹೊಲದಲ್ಲಿ ಇದ್ದಾಗ. ಕಳ್ಳನಂತೆ ಹತ್ತಿ, ಬಿಚ್ಚಿ, ಲೈಟು ಮತ್ತೆ ಎತ್ತಿ ಕಟ್ಟಿ, ತಗಡನ್ನು ಗಿರೀಶನ ಮನೆಯಲ್ಲಿ ಕೊಟ್ಟು ಬಂದೆ. ಅವನು ಅಕ್ಕನಿಗೆ ನಿಜ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು, ಗಾಳಿಗೆ ಹಾರಿಹೋಯಿತು ಎಂದು. ತಿಪ್ಪಕ್ಕ ನಂಬಿದಳು. ನಂಬಿದ್ದಷ್ಟೇ ಅಲ್ಲ, ಎರಡು ದಿನ ಹೊಲಗಳಲ್ಲಿ, ಜಾಲಿ ಮೆಳೆಗಳಲ್ಲಿ ಆ ತಗಡು ಹುಡುಕಿದಳು. ಅವಳ ಕೈ ಮೇಲೆ ಮುಳ್ಳು ಗೀರಿದ ಗೆರೆಗಳನ್ನು ನಾನು ನೋಡಿದ್ದೇನೆ. ನೋಡಿಯೂ ಏನೂ ಹೇಳಲಿಲ್ಲ.

ಐದನೇ ದಿನ ಸಂಜೆ ಅವಘಡ ಆಯಿತು. ಮುಂದಿನ ಕುರಿ ನೆರಳಿಗೆ ಬೆದರಿ ನಿಂತಿತು, ಹಿಂಡು ನುಗ್ಗಿತು, ಬಾಗಿಲಲ್ಲಿದ್ದ ಸಿದ್ದಕ್ಕನ ಎರಡು ಮರಿ ಕಾಲಡಿ ಸಿಕ್ಕಿ ಸತ್ತವು. ಹೊಸ ಮರೆಗೆ ಅಳತೆ ತೆಗೆದುಕೊಂಡು ಹೋಗು ಎಂದು ತಿಪ್ಪಕ್ಕ ಕರೆಸಿದ್ದರಿಂದ ನಾನೂ ಏಣಿ ಹಿಡಿದು ಅಲ್ಲೇ ಇದ್ದೆ. ಗದ್ದಲ ಕೇಳಿ ಗಿರೀಶನೂ ಬಂದ. ಸಿದ್ದಕ್ಕ ಪಕ್ಕದ ಮನೆಯವಳು, ತಿಪ್ಪಕ್ಕನ ಜೊತೆ ಬೆಳೆದವಳು. ಸತ್ತ ಮರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಕಿರುಚಿದಳು.

"ಗಾಳಿ ಅಂತೆ ಗಾಳಿ! ಸೋಗೆ ಗುಡಿಸ್ಲು ಹಾರ್ಲಿಲ್ಲ, ಬೋಲ್ಟು ಹಾಕಿದ ತಗಡು ಹಾರ್ತಾ? ನಿನ್ನ ತಮ್ಮ ತನ್ನ ಹೆಸರು ಕಾಣ್ಲಿ ಅಂತ ಕಿತ್ತಾನೆ ಕಣೇ!"

ತಿಪ್ಪಕ್ಕ ಮುಂದೆ ಬಂದಳು. ತನಗೆ ಅಂದಿದ್ದರೆ ಸುಮ್ಮನಿರುತ್ತಿದ್ದಳೇನೋ. ತಮ್ಮನಿಗೆ ಅಂದದ್ದು ತಡೆಯಲಾಗಲಿಲ್ಲ. ನೆಲ ಮುಟ್ಟಿ, ಎಲ್ಲರೂ ಕೇಳುವಂತೆ ಹೇಳಿದಳು: "ಜುಂಜಪ್ಪನ ಆಣೆ. ನನ್ನ ತಮ್ಮ ಕಿತ್ತಿಲ್ಲ, ಗಾಳಿಗೇ ಹೋಗೈತೆ. ಇದು ಸುಳ್ಳಾದ್ರೆ ಇನ್ಮೇಲೆ ನನ್ನ ಕೈ ಮರಿ ಮುಟ್ಟದಂಗಾಗ್ಲಿ."

ಕುರಿ-ದನ ಕಾಯುವ ದೇವರು ಜುಂಜಪ್ಪನ ಹೆಸರು ಬಂದ ಮೇಲೆ ಅಲ್ಲಿ ಯಾರೂ ಎದುರಾಡುವುದಿಲ್ಲ. ಸಿದ್ದಕ್ಕ ಕೂಡ ಸೆರಗಿನಿಂದ ಮುಖ ಒರೆಸಿಕೊಂಡು, "ತಪ್ಪಾಯ್ತು ಬಿಡೇ" ಅಂದಳು. ನಾನು ಗಿರೀಶನ ಮುಖ ನೋಡಿದೆ. ಅವನು ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ. ನಾನು ಏಣಿಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿಕೊಂಡೆ. ಅಳತೆ ತೆಗೆಯುವುದು ಬೇಡ, ನಾಳೆ ನೋಡೋಣ ಎಂದು ಗಿರೀಶ ನನ್ನನ್ನು ಕಳಿಸಿದ. ಆ ನಾಳೆ ಬರಲಿಲ್ಲ. ತಿಂಗಳ ಮೀಟಿಂಗಿನಲ್ಲಿ ನನ್ನ ಗುತ್ತಿಗೆ ಮಾತ್ರ ಮುಂದುವರಿಯಿತು.

ಮುಂದಿನದನ್ನು ನನಗೆ ಹೇಳಿದವಳು ಗಿರೀಶನ ಹೆಂಡತಿ ಕಾವ್ಯಶ್ರೀ. ಅವಳಿಗೆ ಇದ್ಯಾವುದರ ಒಳಗುಟ್ಟು ಗೊತ್ತಿರಲಿಲ್ಲ. ಆಣೆ ಇಟ್ಟಾಗ ತವರಿಗೆ, ಭರಮಸಾಗರಕ್ಕೆ ಹೋಗಿದ್ದಳು. ಬಂದ ಮೇಲೆ ಒಂದು ದಿನ ತಿಪ್ಪಕ್ಕ ತಮ್ಮನ ಮನೆಗೆ ಹಾಲು ಕೊಡಲು ಹೋದಳು. ಹಿತ್ತಲಲ್ಲಿ ಕೋಳಿ ಕಾವಿಗೆ ಕೂತಿತ್ತು. ಬಿಸಿಲು ಬೀಳದಿರಲೆಂದು ಅದರ ಮೇಲೆ ಒಂದು ತಗಡು ಬೋರಲು ಹಾಕಿ ಕಲ್ಲು ಹೇರಿದ್ದರು. ತಗಡಿನ ಮೇಲೆ ಸೂರ್ಯಕಾಂತಿ ಹೂವು.

"ಇದು ಎಲ್ಲಿ ಸಿಕ್ತವ್ವ?" ಎಂದು ಕೇಳಿದಳಂತೆ ತಿಪ್ಪಕ್ಕ.

"ಲೈಟಿಂದಕ್ಕ. ಇವ್ರು ಬಿಚ್ಚಿಸಿದ್ರಲ್ಲ, ಅಂಜನಪ್ಪಣ್ಣ ತಂದು ಕೊಟ್ಟು ಹೋದ್ರು" ಎಂದಳಂತೆ ಕಾವ್ಯಶ್ರೀ.

ತಿಪ್ಪಕ್ಕ ಕೂಗಾಡಲಿಲ್ಲ. ಕೋಳಿ ಹೆದರದ ಹಾಗೆ ಕಲ್ಲು ತೆಗೆದು, ತಗಡನ್ನು ತಿರುಗಿಸಿ ಒಳಗಿನ ಕಪ್ಪು ಬಣ್ಣ ನೋಡಿ, ಮತ್ತೆ ಹಾಗೆಯೇ ಮುಚ್ಚಿಟ್ಟು, ಹಾಲಿನ ಚೊಂಬು ತೆಗೆದುಕೊಂಡು ಹೋದಳಂತೆ.

ಅಂದು ಸಂಜೆ ರೊಪ್ಪದ ಬಾಗಿಲಲ್ಲಿ ಎರಡೂ ಕೈ ಸೆರಗಿನೊಳಗೆ ಕಟ್ಟಿಕೊಂಡು ನಿಂತಳು. ಹೆಂಗಸರೆಲ್ಲ ಸೇರಿದ ಮೇಲೆ, "ನಾನಿಟ್ಟ ಆಣೆ ಸುಳ್ಳು. ಗಾಳಿಗೆ ಹೋಗಿಲ್ಲ, ನನ್ನ ತಮ್ಮನೇ ಬಿಚ್ಚಿಸ್ಯಾನೆ. ಇನ್ಮೇಲೆ ಮರಿ ನನ್ನ ಕೈಗೆ ಕೊಡಬ್ಯಾಡ್ರಿ" ಅಂದಳು. ಸಿದ್ದಕ್ಕ ಓಡಿ ಬಂದು ಅವಳ ತೋಳು ಹಿಡಿದುಕೊಂಡಳು. "ನಿಂಗೆ ಗೊತ್ತಿರ್ಲಿಲ್ಲ ಕಣೇ. ಗೊತ್ತಿಲ್ದೆ ಆಡಿದ್ದು ಸುಳ್ಳಾಗಲ್ಲ."

"ಗೊತ್ತಿಲ್ದಿದ್ದಕ್ಕೆ ಆಣೆ ಇಡು ಅಂತ ಯಾರು ಹೇಳಿದ್ರು ನಂಗೆ?" ಎಂದಳು ತಿಪ್ಪಕ್ಕ.

ಗಿರೀಶ ಬಂದು ಎಲ್ಲರೆದುರು ನಕ್ಕ. "ಒಂದು ತಗಡಿಗೆ ಇಷ್ಟು ರಂಪ ಮಾಡ್ತೀಯಲ್ಲಕ್ಕ. ಎಲ್‌ಇಡಿ ಕಾಲದಾಗೆ ಆಣೆಯಂತೆ!" ಅವಳು ಅವನನ್ನು ತಿರುಗಿಯೂ ನೋಡದೆ ಮನೆಗೆ ನಡೆದಳು. ಹಿಂದೆ ಮರಿಗಳು ಅರಚುತ್ತಿದ್ದವು. ಮೂವತ್ತೈದು ವರ್ಷ ಎತ್ತಾಡಿಸಿದ ಮಗು ಹೀಗೆ ನಕ್ಕರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಈಗ ಅವನು ಊರಲ್ಲಿ ಹೇಳುತ್ತಿರುವುದು, ಅಕ್ಕನಿಗೆ ವಯಸ್ಸಾಯಿತು, ಕಣ್ಣು ಮಂಜು, ಅದಕ್ಕೇ ಮರಿ ಹಿಡಿಯುವುದು ಬಿಟ್ಟಳು ಎಂದು.

ಸುದ್ದಿ ಕೇಳಿದ ಮರುದಿನ ನಾನು ಗಿರೀಶನ ಹಿತ್ತಲಿಗೆ ನುಗ್ಗಿ ತಗಡು ತಂದು, ಹಾಡಹಗಲೇ ಕಂಬ ಹತ್ತಿ ಕಟ್ಟಿದೆ. ಮುಂದಿನ ವರ್ಷ ಗುತ್ತಿಗೆ ಹೋದರೆ ಹೋಗಲಿ ಅಂದುಕೊಂಡೆ. ಆ ಧೈರ್ಯ ಹದಿನೈದು ದಿನ ಮುಂಚೆ ಬರಬೇಕಿತ್ತು. ಗಿರೀಶ ಮತ್ತೆ ಬಿಚ್ಚಿಸಲು ಬಂದ, ಹಟ್ಟಿಯ ಹೆಂಗಸರು ಕಂಬದ ಹತ್ತಿರ ಬಿಡಲಿಲ್ಲ. ಸಂಜೆ ಕುರಿಗಳು ಬೆದರದೆ ಒಳಗೆ ಹೋದವು. ಸಿದ್ದಕ್ಕ ಮತ್ತು ಇಬ್ಬರು ಹೆಂಗಸರು ಮರಿಗಳನ್ನು ತಾಯಿಗೆ ಹಿಡಿಯಲು ಒದ್ದಾಡುತ್ತಿದ್ದರು. ಒಂದಕ್ಕೆ ಇನ್ನೊಂದು ಆಗಿ, ಕತ್ತಲಾದರೂ ಮುಗಿಯಲಿಲ್ಲ.

ನಾನು ತಿಪ್ಪಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಅಲ್ಲಿಂದ ರೊಪ್ಪ ಚೆನ್ನಾಗಿ ಕಾಣುತ್ತಿತ್ತು. "ಮರೆ ಕಟ್ಟಿದೆನಕ್ಕ, ಇನ್ನು ಯಾರೂ ಬಿಚ್ಚಲ್ಲ" ಅಂದೆ.

"ನೋಡಿದೆ. ಚೆನ್ನಾಗೈತೆ. ಕುಂತ್ಕ." ಎದ್ದು ಹೋಗಿ ಎಂದಿನಂತೆ ಮಜ್ಜಿಗೆ ತಂದುಕೊಟ್ಟಳು. ಬೈದಿದ್ದರೆ ಕಾಲಿಗೆ ಬೀಳಬೇಕೆಂದು ಬಂದಿದ್ದೆ. ಅವಳು ಬೈಯಲಿಲ್ಲ. ಲೋಟ ಕೈಯಲ್ಲಿ ಹಿಡಿದು, "ನಿನ್ನ ತಮ್ಮ ಗುತ್ತಿಗೆ ಮಾತೆತ್ತಿದ, ಹೆದರಿಬಿಟ್ಟೆ" ಎಂದು ನಾನೇ ಶುರು ಮಾಡಿದೆ.

"ಬಿಚ್ಚಿದ್ದಕ್ಕೆ ನಾನೇನೂ ಅನ್ನಲ್ಲಪ್ಪ, ಹೊಟ್ಟೆಪಾಡು" ಎಂದು ಅವಳು ಮೊರದ ಕಡೆಯೇ ನೋಡುತ್ತ ಅಂದಳು. "ಆದ್ರೆ ನಾನು ನೆಲ ಮುಟ್ಟಿದಾಗ ನೀನು ನನ್ನ ಹಿಂದೇನೇ ನಿಂತಿದ್ದೆ, ಏಣಿ ಹಿಡ್ಕಂಡು. ಏನೂ ಹೇಳೋದು ಬ್ಯಾಡಾಗಿತ್ತು ಅಂಜನಪ್ಪ. ಒಂದು ಸಲ ಕೆಮ್ಮಿದ್ರೆ ಸಾಕಾಗಿತ್ತು, ನಾನು ಬಾಯಿ ಮುಚ್ಕಂತಿದ್ದೆ."