ಅಕ್ಕೋರ ತೆರೆದ ಕಣ್ಣು

ಕಳೆದ ವಾರ ಹರಪನಹಳ್ಳಿ ಸಂತೆಯಿಂದ ಒಂದು ಈಚಲ ಚಾಪೆ ತಂದೆ. ಮನೆಯಲ್ಲಿ ಬಿಡಿಸಿ ಹಾಸುತ್ತಿದ್ದಂತೆ ಒಣ ಗರಿಯ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನೆನಪಾದದ್ದು ನಮ್ಮ ಚರ್ಚಿನ ಸಂಡೇ ಸ್ಕೂಲು, ಅಲ್ಲಿ ಇಂಥದೇ ಚಾಪೆಯ ಮೇಲೆ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದ ಅಕ್ಕೋರು...

ಟೀಚರನ್ನು ನಾವು ಕರೆಯುತ್ತಿದ್ದದ್ದೇ ಅಕ್ಕೋರು ಎಂದು. ಪ್ರತಿ ಭಾನುವಾರ ತೆಲಿಗಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಯೇಸುಸ್ವಾಮಿಯ ಕಥೆ ಹೇಳಲು ಕೂತರೆ ಕುರುಬನ ಕೂಗು, ಕುರಿಯ ಅರಚಾಟ ಎಲ್ಲವೂ ಅವರ ಬಾಯಲ್ಲೇ. ಕೊನೆಗೆ ಪ್ರಾರ್ಥನೆ. ಕೈ ಜೋಡಿಸಿ ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚಿದರೆ ದೇವರು ಕಾಣುತ್ತಿದ್ದನೋ ಇಲ್ಲವೋ, ನಿದ್ದೆಯಂತೂ ತಪ್ಪದೆ ಬರುತ್ತಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಅವಳನ್ನು ಉಳಿಸು ಎಂದು ದಿನಾ ಮೊಣಕಾಲೂರಿ ಬೇಡಿಕೊಂಡೆ. ಉಳಿಯಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅಪ್ಪ, "ದೇವ್ರನ್ನ ಹಂಗೆಲ್ಲ ಕೇಳಬಾರ್ದು" ಎಂದು ಗದರಿದ. ಸಿಟ್ಟು ಹೊಟ್ಟೆಯಲ್ಲೇ ಉಳಿಯಿತು. ಮುಂದಿನ ಭಾನುವಾರ ಎಲ್ಲರೂ ಕಣ್ಣು ಮುಚ್ಚಿದರೂ ನಾನು ಮುಚ್ಚಲಿಲ್ಲ.

ಆಗ ನೋಡಿದರೆ ಅಕ್ಕೋರ ಕಣ್ಣೂ ತೆರೆದೇ ಇತ್ತು! ಬಾಯಿ ಪ್ರಾರ್ಥಿಸುತ್ತಿತ್ತು, ಕಣ್ಣು ಒಂದೊಂದೇ ಮಗುವಿನ ಮೇಲೆ ಸರಿಯುತ್ತಾ ಬಂದು ನನ್ನ ಮೇಲೆ ನಿಂತಿತು. ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಸಿಕ್ಕಿಬಿದ್ದದ್ದು ನಾನೋ, ಅವರೋ? ಅಪ್ಪನಿಗೆ ಹೇಳಿಬಿಟ್ಟಾರು ಎಂಬ ಭಯಕ್ಕಿಂತ ಕುತೂಹಲವೇ ದೊಡ್ಡದಾಯಿತು. ಎಲ್ಲರೂ ಹೋಗುವವರೆಗೆ ಚಾಪೆ ಸುತ್ತುವ ನೆಪದಲ್ಲಿ ಉಳಿದೆ.

"ಅಕ್ಕೋರೇ, ನೀವ್ಯಾಕ್ರಿ ಕಣ್ಣು ಮುಚ್ಚಂಗಿಲ್ಲ?"

"ನಿಮ್ಮ ಸಲುವಾಗಿ ದೇವ್ರನ್ನ ಕೇಳಬೇಕಲ್ಲವಾ. ಮಕ ನೋಡ್ಲಾರ್ದ ಯಾರಿಗೆ ಏನ್ ಬೇಕಂತ ಹೆಂಗ ತಿಳೀತೈತಿ?" ಎಂದು ಪಕ್ಕ ಕೂರಿಸಿಕೊಂಡರು. "ನೀನು ಮಕ ಊದಿಸ್ಕೊಂಡು ಕುಂತಿದ್ದಿ. ದೇವ್ರ ಮ್ಯಾಲೆ ಸಿಟ್ಟೇನು?"

ಹೌದೆಂದು ತಲೆಯಾಡಿಸಿದೆ.

"ಹಂಗಾರ ಅದನ್ನೇ ಹೇಳು ಅವಂಗ."

ಬಾಯಿಪಾಠದ ಪ್ರಾರ್ಥನೆ ಯಾವುದೂ ಉಪಯೋಗಕ್ಕೆ ಬರಲಿಲ್ಲ. "ದೇವ್ರೇ, ಅಷ್ಟು ಕೇಳ್ಕೊಂಡ್ರೂ ಅಜ್ಜೀನ ಕರ್ಕೊಂಡ್ ಹೋದಿ. ನಿನ್ ಜೊತಿ ಟೂ" ಎಂದು ಬಿಕ್ಕಿದೆ.

ಬೈಗುಳ ಬೀಳುತ್ತದೆಂದು ಕಾದರೆ ಅಕ್ಕೋರು ಮೆಲ್ಲಗೆ "ಆಮೆನ್" ಎಂದರು. ಅವರ ಕಣ್ಣೂ ತುಂಬಿತ್ತು. ಅಜ್ಜಿ ಯಾಕೆ ಹೋದಳೆಂದು ಅವರೂ ಹೇಳಲಿಲ್ಲ... ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಆದರೆ ಟೂ ಬಿಡಬೇಕಾದರೂ ಎದುರಿಗೆ ಒಬ್ಬ ಇರಬೇಕಲ್ಲ! ಆ ಜಗಳ ಎಷ್ಟೋ ಭಾನುವಾರ ನಡೆಯಿತು. ಯಾವಾಗ ರಾಜಿಯಾಯಿತೋ ನೆನಪಿಲ್ಲ.

ಅಕ್ಕೋರು ತೀರಿಕೊಂಡು ಕೆಲವು ವರ್ಷಗಳಾದವು. ತೆಲಿಗಿಯಲ್ಲಿ ಪಾಸ್ಟರು ಕೊನೆಯ ಪ್ರಾರ್ಥನೆ ಮಾಡುವಾಗ ನಾನು ಕಣ್ಣು ತೆರೆದೇ ಅಕ್ಕೋರ ಮುಖ ನೋಡುತ್ತಾ ನಿಂತಿದ್ದೆ. ಬಹಳ ಸಂಕಟವಾಯಿತು...

ನಿನ್ನೆ ಸಂಜೆ ಹೊಸ ಚಾಪೆಯ ಮೇಲೆ ಮಗಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡುತ್ತಿದ್ದೆ. ಅವಳ ಮುಖ ನೋಡುತ್ತಿದ್ದಂತೆ ಅವಳ ಒಂದು ಕಣ್ಣು ಮೆಲ್ಲಗೆ ತೆರೆಯಿತು.

"ಅಮ್ಮಾ, ನೀ ಯಾಕ ಕಣ್ಣು ಬಿಟ್ಟೀದಿ?"

ಅಕ್ಕೋರು ನನಗೆ ಹೇಳಿದ್ದನ್ನೇ ಹೇಳಿದೆ. ಅವಳು ಎರಡೂ ಕಣ್ಣು ತೆರೆದು ನನ್ನನ್ನು ದಿಟ್ಟಿಸಿದಳು.

"ಹಂಗಾರ ನಿನಗೇನ್ ಬೇಕು, ಹೇಳು. ನಾನೂ ಕೇಳ್ತೀನಿ."

ಅಷ್ಟು ವರ್ಷ ನಮ್ಮೆಲ್ಲರ ಮುಖ ನೋಡಿದ ಅಕ್ಕೋರನ್ನು ನಾವ್ಯಾರೂ ಒಮ್ಮೆಯೂ ಹಾಗೆ ಕೇಳಿರಲಿಲ್ಲ.